ಮೊದಲು ಮಡಿಕೆ, ಆಮೇಲೆ ಕತ್ತರಿ

ರಾಗಿ ಕಣದ ಕೆಲಸ ಮುಗಿದು ಮೂಟೆ ಮನೆ ಸೇರುವ ಹೊತ್ತಿಗೆ ನಮ್ಮ ದೇವಲಾಪುರ ಹೋಬಳಿಯಲ್ಲಿ ಲಗ್ನಪತ್ರಿಕೆಗಳು ಬರಲು ಶುರುವಾಗುತ್ತವೆ. ಅದರ ಬೆನ್ನಿಗೇ ಶಾಲೆಯ ವಾರ್ಷಿಕೋತ್ಸವ, ಊರಹಬ್ಬ, ಆದಿಚುಂಚನಗಿರಿಯ ಜಾತ್ರೆ, ಮೇಲುಕೋಟೆಯ ವೈರಮುಡಿ, ಯುಗಾದಿ, ಮತ್ತೆ ಮದುವೆ, ಬೀಗರ ಔತಣ. ಈ ದಿನಗಳಲ್ಲಿ ಮನೆಯಲ್ಲಿ ಹೊಲಿಗೆ ಮೆಷೀನು ಇಟ್ಟುಕೊಂಡ ನನ್ನಂಥವರ ಬಾಗಿಲಿಗೆ ಹೊಸ ಬಟ್ಟೆಗಿಂತ ಹೆಚ್ಚಾಗಿ ಬರುವುದು ಮಕ್ಕಳ ಬಟ್ಟೆ. ‘ಅಜ್ಜೀ, ಇದು ಲೂಸು, ವಸಿ ಹಿಡಿದ್ಕೊಡಿ’, ‘ಹೋದ ವರ್ಷದ ಲಂಗ ಕಣಜ್ಜಿ, ಮೊಣಕಾಲಿಗೆ ಬಂದುಬುಟ್ಟದೆ, ಇಳಿಸ್ಕೊಡಿ’.

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ನೀರಿನ ಗದ್ದೆಗಳಿವೆ. ನಮ್ಮ ನಾಗಮಂಗಲದ ಕಡೆ ಹೆಚ್ಚಿನವರು ಮಳೆ ನಂಬಿದವರು, ವರ್ಷವರ್ಷವೂ ಹೊಸ ಬಟ್ಟೆ ತರಲು ಆಗುವುದಿಲ್ಲ. ಬೆಳೆಯುವ ಮಗುವಿಗೆ ಒಂದು ಸೈಜು ದೊಡ್ಡದು ತರುವ ಅಭ್ಯಾಸ ನಮಗೆ ಹಿಂದಿನಿಂದ ಬಂದದ್ದು, ಅದರಲ್ಲಿ ತಪ್ಪೇನೂ ಇಲ್ಲ. ತಂದ ದೊಡ್ಡದನ್ನು ಹಾಗೆಯೇ ತೊಡಿಸಿ ಕಳಿಸುವುದು ತಪ್ಪು. ಹೆಗಲು ಜಾರುವ ಬ್ಲೌಸನ್ನು ಛತ್ರದ ತುಂಬ ಎಳೆದುಕೊಳ್ಳುತ್ತಾ ಓಡಾಡುವ ಮಗು ಊಟ ಮಾಡುವುದಿಲ್ಲ, ಆಡುವುದಿಲ್ಲ, ಫೋಟೋಗೆ ನಗುವುದೂ ಇಲ್ಲ. ಮುಂದಿನ ವರ್ಷಕ್ಕೆ ಬೇಕಾದ ಬಟ್ಟೆಯನ್ನು ಒಳಗೆ ಮಡಿಸಿಡಬೇಕು, ಹೊರಗೆ ಈ ವರ್ಷದ ಮೈಗೆ ಸರಿಯಾಗಿ ಕೂರಿಸಬೇಕು. ನಾನು ಕಲಿತದ್ದೂ ಕಲಿಸಿದ್ದೂ ಇಷ್ಟೇ. ಅದನ್ನು ಹೇಗೆ ಮಾಡುವುದು ಅಂತ ತಿಳಿದಷ್ಟು ಹೇಳುತ್ತೇನೆ, ಕೇಳಿ ತಾಯಂದಿರೇ.

• ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಬಟ್ಟೆಯನ್ನು ಬೀರುವಿನಿಂದ ತೆಗೆದು ಮಗುವಿಗೆ ಹಾಕಿ ನೋಡಿ. ಹಿಂದಿನ ರಾತ್ರಿ ಹಾಕಿ ನೋಡಿದರೆ ಉಳಿಯುವ ದಾರಿ ಸೇಫ್ಟಿ ಪಿನ್ನು ಒಂದೇ. ಲಗ್ನದ ದಿನಗಳಲ್ಲಿ ಟೈಲರ್ ಕೈಯಲ್ಲಿ ಮದುಮಗಳ ಬ್ಲೌಸುಗಳು ಗುಡ್ಡೆ ಬಿದ್ದಿರುತ್ತವೆ. ನಿಮ್ಮ ಮಗಳ ಲಂಗ ಕೊನೆಗೆ ಹೋಗುತ್ತದೆ.

• ರೆಡಿಮೇಡ್ ತರುವಾಗ ಉದ್ದ ನೋಡಬೇಡಿ, ಹೆಗಲು ನೋಡಿ. ಉದ್ದವನ್ನು ಮಡಿಸಬಹುದು, ಪಕ್ಕವನ್ನು ಹಿಡಿಯಬಹುದು, ತೋಳನ್ನು ಮೊಟಕು ಮಾಡಬಹುದು. ಹೆಗಲು ದೊಡ್ಡದಾದರೆ ಕತ್ತು, ತೋಳು, ಕಂಕುಳು ಮೂರನ್ನೂ ಬಿಚ್ಚಿ ಹೊಸದಾಗಿ ಕೂರಿಸಬೇಕು. ಅದಕ್ಕೆ ಹೊಸ ಬಟ್ಟೆ ಹೊಲಿಯುವಷ್ಟೇ ಕೆಲಸ. ಹೆಗಲ ಹೊಲಿಗೆ ಮೂಳೆಯ ತುದಿಗಿಂತ ಅರ್ಧ ಇಂಚು ಆಚೆ ಬಿದ್ದರೆ ಸರಿಯೇ. ಒಂದು ಇಂಚಿಗಿಂತ ಹೆಚ್ಚು ಜಾರಿದರೆ ಎಷ್ಟೇ ಚಂದ ಇದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

• ಅಳತೆ ತೆಗೆಯುವಾಗ ಅವತ್ತು ಒಳಗೆ ಹಾಕುವ ಶಿಮ್ಮಿ, ಚಡ್ಡಿಯನ್ನೇ ಹಾಕಿರಲಿ. ಚಪ್ಪಲಿ ಹಾಕಿಕೊಂಡು ಹೋಗುವ ಕಡೆಗಾದರೆ ಚಪ್ಪಲಿಯನ್ನೂ ಹಾಕಿಸಿ. ಮಕ್ಕಳಿಗೆ ‘ನೆಟ್ಟಗೆ ನಿಲ್ಲು’ ಅಂದರೆ ಹೊಟ್ಟೆ ಒಳಗೆ ಎಳೆದು ಎದೆ ಉಬ್ಬಿಸಿ ನಿಲ್ಲುತ್ತವೆ. ಏನೂ ಹೇಳದೆ, ಮಾತಾಡಿಸುತ್ತಾ ಟೇಪು ಸುತ್ತಿ. ಎದೆ ಮತ್ತು ಸೊಂಟದ ಸುತ್ತಳತೆಗೆ ಟೇಪಿನ ಒಳಗೆ ನಿಮ್ಮ ಎರಡು ಬೆರಳು ಓಡಾಡಬೇಕು. ಊಟ ಆದ ಮೇಲೆ ಅಳೆದರೆ ಇನ್ನೂ ಒಳ್ಳೆಯದು, ಮದುವೆ ಮನೆಯ ಬಟ್ಟೆಯನ್ನು ತುಂಬಿದ ಹೊಟ್ಟೆಯ ಮೇಲೇ ತಾನೇ ತೊಡುವುದು?

• ನಿಲ್ಲದ ಮಗುವನ್ನು ಹಿಡಿದು ಗದರಿಸಬೇಡಿ. ಅದಕ್ಕೆ ಈಗ ಸರಿಯಾಗಿ ಕೂರುವ ಒಂದು ಅಂಗಿಯನ್ನು ಚಾಪೆಯ ಮೇಲೆ ಹರಡಿ, ಸುಕ್ಕು ಬಿಡಿಸಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಎದೆ ಸುತ್ತು ಸಿಕ್ಕಿತು. ಉದ್ದವನ್ನು ಹಿಂದಿನ ಕತ್ತಿನ ಮೂಳೆಯ ಜಾಗದಿಂದ ಕೆಳಗೆ ಹಿಡಿಯಿರಿ.

• ಪಿನ್ನು ಹಾಕಿ ಗುರುತು ಮಾಡಿದ ಮೇಲೆ ನಾಲ್ಕು ಕೆಲಸ ಮಾಡಿಸಿ: ಎರಡೂ ಕೈ ಮೇಲೆತ್ತಲಿ, ಚಕ್ಕಳಮಕ್ಕಳ ಹಾಕಿ ಕೂರಲಿ, ಬಗ್ಗಿ ನಮಸ್ಕಾರ ಮಾಡಲಿ, ನಾಲ್ಕು ಮೆಟ್ಟಿಲು ಹತ್ತಲಿ. ನಿಂತಾಗ ಎರಕ ಹೊಯ್ದಂತೆ ಕಾಣುವ ಬ್ಲೌಸು ಕೈ ಎತ್ತಿದ ಕೂಡಲೇ ಹೊಟ್ಟೆಯ ಮೇಲಕ್ಕೆ ಏರಿದರೆ ಅದು ಸರಿಯಾಗಿಲ್ಲ ಅಂತಲೇ ಅರ್ಥ. ಗುರುತಿಗೆ ಬಣ್ಣದ ಪೆನ್ನು ಬೇಡ. ಸವೆದ ಸೋಪಿನ ಒಣ ಚೂರು ಸಾಕು, ಗಾಢ ಬಣ್ಣದ ಬಟ್ಟೆಯ ಮೇಲೆ ಗೆರೆ ಚೆನ್ನಾಗಿ ಮೂಡುತ್ತದೆ, ಒಗೆದರೆ ಹೋಗುತ್ತದೆ. ರೇಷ್ಮೆಗೆ ಮಾತ್ರ ಸೋಪೂ ಬೇಡ, ದಾರದ ಒಂದೊಂದು ಟಾಕಿ ಹಾಕಿ ಗುರುತಿಟ್ಟುಕೊಳ್ಳಿ.

• ಎಷ್ಟು ಮಡಿಸಿಡಬೇಕು ಎನ್ನುವುದಕ್ಕೆ ಲೆಕ್ಕ ಇದೆ. ಮೂರು–ನಾಲ್ಕು ವರ್ಷ ದಾಟಿದ ಮೇಲೆ ಮೈನೆರೆಯುವ ವಯಸ್ಸು ಹತ್ತಿರ ಬರುವ ತನಕ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ, ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಕಾಲಿನದು. ಆದ್ದರಿಂದ ಲಂಗಕ್ಕೆ ನಾಲ್ಕು ಇಂಚು ಒಳಗಿಟ್ಟರೆ ಎರಡು ವರ್ಷ ನಿರಾತಂಕವಾಗಿ ಬರುತ್ತದೆ. ತೋಳಿಗೆ ಒಂದೂವರೆ ಇಂಚು, ಬ್ಲೌಸಿನ ಪಕ್ಕಕ್ಕೆ ಒಂದೊಂದು ಕಡೆ ಒಂದು ಇಂಚು. ಇದಕ್ಕಿಂತ ಹೆಚ್ಚು ತುರುಕಿದರೆ ಬಟ್ಟೆ ಒಳಗೆ ದಪ್ಪಗಾಗಿ ಮಗುವಿಗೆ ಸೆಕೆ, ತುರಿಕೆ. ಹೈಸ್ಕೂಲಿಗೆ ಹೋಗುವ ಹೊತ್ತಿನ ಮಕ್ಕಳಿಗೆ ಈ ಲೆಕ್ಕ ನಡೆಯುವುದಿಲ್ಲ, ಆ ವಯಸ್ಸಿನಲ್ಲಿ ಆರು ತಿಂಗಳಿಗೇ ಮೈ ಬೇರೆಯಾಗಿರುತ್ತದೆ.

• ಇನ್ನು ರೇಷ್ಮೆ ಲಂಗ. ಇದರ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಕೆಡಿಸುವುದು ಇಲ್ಲೇ. ಲಂಗದ ಅಂದವೆಲ್ಲ ಕೆಳಗಿನ ಜರಿ ಅಂಚಿನಲ್ಲಿ. ಉದ್ದವಾಯಿತೆಂದು ಅಂಚನ್ನೇ ಒಳಗೆ ಮಡಿಸಿದರೆ ಲಂಗದ ಕಳೆ ಹೋಯಿತು, ಕತ್ತರಿಸಿದರೆ ಲಂಗವೇ ಹೋಯಿತು. ಮಡಿಕೆ ಹಾಕಲು ಎರಡು ಜಾಗ ಇವೆ. ಒಂದು ಸೊಂಟದ ಹತ್ತಿರ. ನೆರಿಗೆ ಹಿಡಿಯುವ ಮೊದಲೇ ಬಟ್ಟೆಯ ಮೇಲ್ತುದಿಯನ್ನು ಒಳಕ್ಕೆ ಮಡಿಸಿ, ಆಮೇಲೆ ನೆರಿಗೆ. ಬ್ಲೌಸು ಅದರ ಮೇಲೆ ಬರುವುದರಿಂದ ಯಾರಿಗೂ ಕಾಣುವುದಿಲ್ಲ. ಆದರೆ ಸೊಂಟ ದಪ್ಪಗಾಗುತ್ತದೆ, ಎರಡು ಇಂಚಿಗಿಂತ ಹೆಚ್ಚು ಅಲ್ಲಿ ಸಲ್ಲದು. ಇನ್ನೊಂದು ಜಾಗ ಜರಿ ಅಂಚಿನ ಸ್ವಲ್ಪ ಮೇಲೆ. ಅಲ್ಲಿ ಲಂಗದ ಸುತ್ತಲೂ ಅಡ್ಡ ಮಡಿಕೆ ಹಿಡಿದು ಹೊಲಿದರೆ ಅದೇ ಒಂದು ಪಟ್ಟಿಯ ಹಾಗೆ ಕಾಣುತ್ತದೆ. ಮಡಿಕೆಯ ಬಾಯಿ ಕೆಳಮುಖವಾಗಿರಬೇಕು. ಒಂದು ಇಂಚಿನ ಮಡಿಕೆ ಎರಡು ಇಂಚು ಉದ್ದವನ್ನು ನುಂಗುತ್ತದೆ, ಇದನ್ನು ಮರೆತವರ ಲಂಗ ಮೊಟಕಾಗುತ್ತದೆ. ನಾಲ್ಕು ಇಂಚು ತಗ್ಗಿಸಬೇಕಾದರೆ ಒಂದೊಂದು ಇಂಚಿನ ಎರಡು ಮಡಿಕೆ, ನಡುವೆ ಒಂದು ಇಂಚು ಬಿಟ್ಟು. ಮುಂದಿನ ವರ್ಷ ಮೇಲಿನದನ್ನು ಬಿಚ್ಚಿ, ಅದರ ಮುಂದಿನ ವರ್ಷ ಕೆಳಗಿನದನ್ನು.

• ಈ ಮಡಿಕೆಗಳನ್ನು ಮೆಷೀನಿನ ಸಣ್ಣ ಹೊಲಿಗೆಯಲ್ಲಿ ಬಿಗಿಯಬೇಡಿ. ಹೊಲಿಗೆಯ ಉದ್ದವನ್ನು ದೊಡ್ಡದಕ್ಕೆ ತಿರುಗಿಸಿಕೊಳ್ಳಿ, ಇಲ್ಲವೇ ಕೈಯಲ್ಲೇ ಹೊಲಿಯಿರಿ. ರೇಷ್ಮೆಯಲ್ಲಿ ಸೂಜಿ ಚುಚ್ಚಿದ ತೂತು ಹತ್ತಿಯಲ್ಲಿ ಮುಚ್ಚಿಕೊಂಡ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಸಣ್ಣ ಹೊಲಿಗೆ ಬಿಚ್ಚುವಾಗ ಬ್ಲೇಡು ಎಲ್ಲಿಗೋ ಹೋಗುತ್ತದೆ. ಮೆಷೀನಿಗೆ 11ನೇ ನಂಬರಿನ ಹೊಸ ಸೂಜಿ ಹಾಕಿ. ಕೋಟಿಗೆ, ಜೀನ್ಸಿಗೆ ಬಳಸಿದ 16ನೇ ನಂಬರಿನ ಸೂಜಿಯನ್ನು ರೇಷ್ಮೆಯ ಮೇಲೆ ಇಳಿಸಿದರೆ ಎಳೆ ಎಳೆಯುತ್ತದೆ.

• ಐದಾರು ವರ್ಷದೊಳಗಿನ ಹೆಣ್ಣುಮಗುವಿಗೆ ಸೊಂಟವೆಂಬುದೇ ಇರುವುದಿಲ್ಲ, ಲಾಡಿ ಎಷ್ಟು ಬಿಗಿದರೂ ಲಂಗ ಜಾರುತ್ತದೆ. ಜಾರಬಾರದೆಂದು ಇನ್ನಷ್ಟು ಬಿಗಿದು, ಸಂಜೆ ಬಿಚ್ಚಿದಾಗ ಹೊಟ್ಟೆಯ ಸುತ್ತ ಕೆಂಪು ಬರೆ ಬಿದ್ದಿರುವುದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ನಮ್ಮ ಹಿರಿಯರು ಲಂಗಕ್ಕೆ ಬಾಡಿ ಹಾಕುತ್ತಿದ್ದರು. ತೆಳು ಹತ್ತಿಬಟ್ಟೆಯ ತೋಳಿಲ್ಲದ ಬನಿಯನ್ನಿನಂಥ ಮೇಲುಭಾಗ, ಅದಕ್ಕೆ ಲಂಗದ ನೆರಿಗೆ ಸೇರಿಸಿ ಹೊಲಿಗೆ. ಭಾರವೆಲ್ಲ ಹೆಗಲ ಮೇಲೆ ನಿಲ್ಲುತ್ತದೆ, ಹೊಟ್ಟೆ ಹಗುರ. ಹೆಗಲ ಪಟ್ಟಿಗೆ ಒಂದು ಗುಂಡಿ, ಇಂಚಿಗೊಂದರಂತೆ ಮೂರು ಕಾಜಾ ಮಾಡಿದರೆ ಲಂಗದ ಉದ್ದವನ್ನು ಹೊಲಿಗೆ ಬಿಚ್ಚದೆಯೇ ಏರಿಸಿ ಇಳಿಸಬಹುದು. ಅಂಗಡಿಯ ಲಂಗಗಳಲ್ಲಿ ಈಗ ಇದು ಅಪರೂಪ. ನೀವೇ ಹಾಕಿಸಿ, ಅರ್ಧ ಮೀಟರ್ ಬಟ್ಟೆ ಸಾಕು.

• ಬ್ಲೌಸನ್ನು ಹಿಡಿಯುವಾಗ ಕಂಕುಳಿಂದ ಸೊಂಟದ ತನಕ ಒಂದೇ ಸಮ ಗೆರೆ ಎಳೆಯುವುದು ಅವಸರದ ಕೆಲಸ. ಕಂಕುಳಲ್ಲಿ ಕಡಿಮೆ ಹಿಡಿದು, ಕೆಳಗೆ ಬರುತ್ತಾ ಹೆಚ್ಚು ಹಿಡಿಯಿರಿ. ತೋಳಿನ ಒಳಹೊಲಿಗೆ ಪಕ್ಕದ ಹೊಲಿಗೆಗೆ ಒಂದೇ ಓಟದಲ್ಲಿ ಸೇರಬೇಕು. ಒಳಗೆ ಉಳಿದ ಬಟ್ಟೆಯನ್ನು ದಯವಿಟ್ಟು ಕತ್ತರಿಸಬೇಡಿ, ಅಂಚಿಗೆ ಓವರ್‌ಲಾಕ್ ಹಾಕಿ ಬಿಡಿ. ಚುಚ್ಚುತ್ತದೆ ಅಂದರೆ ಮೃದುವಾದ ಹಳೇ ಪಂಚೆಯ ಪಟ್ಟಿ ಮುಚ್ಚಿ ಹೊಲಿಯಿರಿ.

• ಅಜ್ಜಿಯ ಸೀರೆಯಲ್ಲಿ ಮೊಮ್ಮಗಳಿಗೆ ಲಂಗ ಹೊಲಿಸಬೇಕೆಂಬ ಆಸೆ ಒಳ್ಳೆಯದು. ಕೊಡಿಯಾಲದ ನೇಕಾರರ ಸೀರೆಯಾಗಲಿ, ಮೈಸೂರು ಸಿಲ್ಕಾಗಲಿ, ಕತ್ತರಿ ಹಿಡಿಯುವ ಮೊದಲು ಸೀರೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದ ರೇಷ್ಮೆ ಆ ಗೆರೆಯಲ್ಲೇ ಸೀಳಿರುತ್ತದೆ. ಬೆಳಕು ಸಣ್ಣ ಗೆರೆಯಾಗಿ ತೂರಿ ಬಂದರೆ ಆ ಭಾಗ ಲಂಗಕ್ಕೆ ಬೇಡ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಅಲ್ಲಿನ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಲೋಹದ ಎಳೆ ಎಂದ ಮೇಲೆ ಚೂಪಾಗಿ ಮಡಿಸಿ ಇಸ್ತ್ರಿ ಒತ್ತಿದರೆ ಮುರಿಯುತ್ತದೆ. ಜರಿಯ ಮೇಲೆ ಮಡಿಕೆಯ ಗೆರೆ ಬರದಂತೆ ಲಂಗವನ್ನು ಯೋಚಿಸಿ. ಐದೂವರೆ ಮೀಟರ್ ಸೀರೆಯಲ್ಲಿ ಚಿಕ್ಕ ಹುಡುಗಿಗೆ ಲಂಗ, ಬ್ಲೌಸು ಎರಡೂ ಆಗಿ ಮೇಲೆ ಬಟ್ಟೆ ಉಳಿಯುತ್ತದೆ. ಉಳಿದದ್ದನ್ನು ದಿಂಬಿನ ಚೀಲ ಮಾಡಬೇಡಿ, ಸುತ್ತಿಡಿ. ಲಂಗ ಚಿಕ್ಕದಾದಾಗ ಕೂರಿಸಲು ಅದೇ ಬಣ್ಣದ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.

• ರೇಷ್ಮೆಗೆ ಇಸ್ತ್ರಿ ಮಾಡುವಾಗ ಬಾಯಲ್ಲಿ ನೀರು ತುಂಬಿ ಉಗುಳುವುದು, ಚಿಮುಕಿಸುವುದು ಬೇಡ, ಹನಿ ಬಿದ್ದ ಕಡೆ ಕಲೆ ನಿಲ್ಲುತ್ತದೆ. ಒಳಮೈ ಹೊರಗೆ ಮಾಡಿ, ಮೇಲೆ ತೆಳು ಬಿಳಿ ಹತ್ತಿಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ ಒತ್ತಿ ಎತ್ತಿ, ಉಜ್ಜಬೇಡಿ.

• ಈಗಿನ ನೆಟ್ಟಿನ ಗೌನುಗಳ ಬಗ್ಗೆ. ಮಕ್ಕಳಿಗೆ ಇಷ್ಟ, ಬೇಡ ಅನ್ನುವುದಿಲ್ಲ. ತಂದ ಕೂಡಲೇ ಒಳಭಾಗ ತಿರುಗಿಸಿ ಕೈ ಆಡಿಸಿ ನೋಡಿ. ಸೊಂಟದ ಸುತ್ತ ನೆಟ್ಟಿನ ಒರಟು ತುದಿಗಳು ಇರುತ್ತವೆ, ಕತ್ತಿನ ಹಿಂದೆ ಲೇಬಲ್ಲು. ಎರಡನ್ನೂ ಮೃದು ಪಟ್ಟಿಯಿಂದ ಮುಚ್ಚಿ. ಲೂಸಾದರೆ ಹೊಲಿಗೆ ಬಿಚ್ಚುವ ಗೊಡವೆಯೇ ಬೇಡ, ಎರಡು ಪಕ್ಕಕ್ಕೂ ಅದೇ ಬಣ್ಣದ ರಿಬ್ಬನ್ನಿನ ಲಾಡಿ ಸೇರಿಸಿ ಹಿಂದೆ ಗಂಟು ಹಾಕಿ. ಬೆಳೆದಂತೆ ಗಂಟು ಸಡಿಲಿಸಿದರಾಯಿತು. ಉದ್ದವಾದರೆ ಮೇಲಿನ ನೆಟ್ಟನ್ನು ಹರಿತವಾದ ಕತ್ತರಿಯಲ್ಲಿ ಸಮನಾಗಿ ಕತ್ತರಿಸಬಹುದು, ನೆಟ್ಟಿನ ಎಳೆ ಬಿಚ್ಚಿಕೊಳ್ಳುವುದಿಲ್ಲ. ಇಡೀ ಈ ಪಟ್ಟಿಯಲ್ಲಿ ಹೊಲಿದ ಉಡುಪಿಗೆ ಕತ್ತರಿ ಹಾಕಲು ನಾನು ಒಪ್ಪಿಗೆ ಕೊಡುವುದು ಇಲ್ಲಿ ಮಾತ್ರ. ಒಳಗಿನ ಲೈನಿಂಗನ್ನು ಮಡಿಸಿಯೇ ಹೊಲಿಯಿರಿ.

• ಬಟ್ಟೆ ಚಿಕ್ಕದಾಗಿದ್ದರೆ? ಹಿಂದಿನ ಜಿಪ್ಪು ಹತ್ತದಿದ್ದರೆ ಜಿಪ್ಪನ್ನು ಬಿಚ್ಚಿ ತೆಗೆದು, ಎರಡೂ ಅಂಚಿಗೆ ದಾರದ ಕುಣಿಕೆಗಳನ್ನು ಸಾಲಾಗಿ ಹೊಲಿದು, ಅಡ್ಡಡ್ಡ ಡೋರಿ ಪೋಣಿಸಿ. ಬೆನ್ನು ಕಾಣದಂತೆ ಒಳಗೆ ನಾಲ್ಕು ಇಂಚು ಅಗಲದ ಪಟ್ಟಿಯನ್ನು ಒಂದು ಕಡೆಗೆ ಮಾತ್ರ ಹೊಲಿದು ಬಿಡಿ. ಎರಡು ಇಂಚು ಸಲೀಸಾಗಿ ಸಿಗುತ್ತದೆ. ಕಂಕುಳು ಕಚ್ಚಿದರೆ ತೋಳು, ಪಕ್ಕ ಸೇರುವ ಜಾಗದಲ್ಲಿ ಎರಡು ಇಂಚಿನ ಚೌಕದ ತುಂಡನ್ನು ಮೂಲೆ ಮೇಲಾಗಿ ಕೂರಿಸಿ. ಕೈ ಇಳಿಬಿಟ್ಟಾಗ ಕಾಣುವುದಿಲ್ಲ, ಎತ್ತಿದಾಗ ಹರಿಯುವುದಿಲ್ಲ. ಹೆಗಲೇ ಚಿಕ್ಕದಾಗಿದ್ದರೆ ಆಸೆ ಬಿಡಿ, ತಂಗಿಗೋ ಅಕ್ಕಪಕ್ಕದ ಮಗುವಿಗೋ ಕೊಡಿ.

• ಗಂಡುಮಕ್ಕಳ ಪ್ಯಾಂಟಿನ ಸೊಂಟವನ್ನು ಹಿಂದಿನ ನಡುಹೊಲಿಗೆಯಲ್ಲಿ ಹಿಡಿಯುತ್ತಾರೆ. ಒಂದು, ಒಂದೂವರೆ ಇಂಚು ಹಿಡಿಯಬಹುದು. ಅದಕ್ಕಿಂತ ಹೆಚ್ಚು ಹಿಡಿದರೆ ಹಿಂದಿನ ಜೇಬುಗಳು ಒಂದಕ್ಕೊಂದು ಅಂಟಿಕೊಂಡು ಪ್ಯಾಂಟು ಸೊಟ್ಟಗೆ ಕಾಣುತ್ತದೆ. ಇನ್ನೂ ಲೂಸು ಎಂದರೆ ಪಟ್ಟಿಯ ಒಳಗೆ ಹಿಂಭಾಗಕ್ಕೆ ಮಾತ್ರ ಎಲಾಸ್ಟಿಕ್ಕು ಪೋಣಿಸಿ, ಎರಡು ತುದಿಗೂ ಗುಂಡಿಯಿಡಿ. ಕಾಲಿನ ಮಡಿಕೆ ಮೂರು ಇಂಚು ಒಳಗಿರಲಿ, ಆದರೆ ಕೈಹೊಲಿಗೆಯಲ್ಲಿ. ಹುಡುಗರು ಹಾಕಿಕೊಳ್ಳುವಾಗ ಕಾಲ್ಬೆರಳು ಮಡಿಕೆಗೆ ಸಿಕ್ಕಿ ಹೊಲಿಗೆ ಕಿತ್ತು ಬರುತ್ತದೆ, ಅದಕ್ಕೆ ಹೊಲಿಗೆ ಒತ್ತೊತ್ತಾಗಿರಲಿ.

• ಆರತಕ್ಷತೆಗೆ ಕೋಟು ಬೇಕೆಂದು ಹಟ ಹಿಡಿಯುವ ಹುಡುಗರಿದ್ದಾರೆ. ಕೋಟಿನ ಹೆಗಲಿಗೆ ಯಾರೂ ಕೈ ಹಾಕಬೇಡಿ, ಒಳಗಿನ ದಪ್ಪ ಪದರ ಒಮ್ಮೆ ಕೆದರಿದರೆ ಮತ್ತೆ ಕೂರುವುದಿಲ್ಲ. ತೋಳನ್ನು ಮಣಿಕಟ್ಟಿನ ಮೂಳೆಯ ತನಕ ಒಳಕ್ಕೆ ಮಡಿಸಿ. ಒಳ ಅಸ್ತರನ್ನು ಹೊರಬಟ್ಟೆಗಿಂತ ಅರ್ಧ ಇಂಚು ಮೇಲಕ್ಕೆ ನಿಲ್ಲಿಸಿ, ಸ್ವಲ್ಪ ಸಡಿಲ ಬಿಟ್ಟು ಹೊಲಿಯಿರಿ. ಬಿಗಿದರೆ ತೋಳು ಒಳಗಿನಿಂದ ಎಳೆದು ಸುಕ್ಕು ಬೀಳುತ್ತದೆ. ಚೈತ್ರ ವೈಶಾಖದ ಬಿಸಿಲಲ್ಲಿ ಧಾರೆ ಹೊತ್ತಿಗೂ ಕೋಟು ಹಾಕಿಸಿ ಕೂರಿಸಬೇಡಿ.

• ನನ್ನನ್ನು ಕೇಳಿದರೆ ಹುಡುಗನಿಗೆ ಪಂಚೆ, ಶಲ್ಯ, ಹತ್ತಿಯ ಷರ್ಟು ಇವಕ್ಕಿಂತ ಚಂದ ಬೇರೆ ಇಲ್ಲ. ಮೇಲುಕೋಟೆಯ ಕೈಮಗ್ಗದ ಪಂಚೆಗೆ ನಮ್ಮ ಸೀಮೆಯಲ್ಲೆಲ್ಲ ಹೆಸರಿದೆ. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಅಲ್ಲಿ ಖಾದಿಯ ಕೆಲಸವನ್ನೂ ಮಾಡಿಕೊಂಡು ಬಂದಿದೆ. ಕೈಮಗ್ಗದ್ದಾಗಲಿ ಖಾದಿಯಾಗಲಿ, ಹತ್ತಿಬಟ್ಟೆಯನ್ನು ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಪಂಚೆಯನ್ನು ಹುಡುಗನಿಗೆಂದು ಕತ್ತರಿಸಬೇಡಿ. ಉದ್ದಕ್ಕೆ ಎರಡು ಮಡಿಕೆ ಮಾಡಿ, ಸೊಂಟದ ಪಟ್ಟಿಗೆ ಎರಡು ಜೋಡಿ ಹುಕ್ಕು ಕೈಯಲ್ಲಿ ಹಾಕಿಕೊಟ್ಟರೆ ಬಿಚ್ಚಿಹೋಗುವ ಭಯವಿಲ್ಲ. ದೊಡ್ಡವನಾದಾಗ ಅದೇ ಪಂಚೆಯನ್ನು ಪೂರ್ತಿಯಾಗಿ ಉಡುತ್ತಾನೆ. ಅಂಟುಪಟ್ಟಿಯ ರೆಡಿಮೇಡ್ ಪಂಚೆ ತಂದರೆ ಆ ಪಟ್ಟಿ ಹೊಟ್ಟೆಗೆ ಉಜ್ಜದ ಹಾಗೆ ಬನಿಯನ್ನನ್ನು ಒಳಗೆ ಸೇರಿಸಿ.

• ಇದನ್ನು ಮಾತ್ರ ಗಮನವಿಟ್ಟು ಓದಿ. ಊರಹಬ್ಬದಲ್ಲಿ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ದೇವಿಯ ಗುಡಿಗೆ ನಡೆಯುತ್ತಾರೆ. ತಟ್ಟೆಯಲ್ಲಿ ಉರಿಯುವ ದೀಪ, ಸುತ್ತ ಜನ, ತಮಟೆ, ನೂಕುನುಗ್ಗಲು. ಅವತ್ತು ನೆಟ್ಟಿನ ಗೌನು, ನೈಲಾನ್ ದುಪಟ್ಟಾ, ಇಳಿಬಿದ್ದ ಗಂಟೆ ತೋಳು ಬೇಡವೇ ಬೇಡ. ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ, ನೈಲಾನ್, ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ರೇಷ್ಮೆ ನಿಧಾನವಾಗಿ ಹೊತ್ತುತ್ತದೆ, ಆದರೆ ಅಂಗಡಿಯ ‘ರೇಷ್ಮೆ’ ಲಂಗ ಎಷ್ಟೋ ಸಲ ಪಾಲಿಯೆಸ್ಟರೇ. ಆರತಿ ಹೊರುವ ಮಗುವಿನ ತೋಳು ಮೊಣಕೈ ಮೇಲಿರಲಿ, ಮೈಗೆ ಹತ್ತಿರ ಇರಲಿ. ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡು ಟಾಕಿ ಹಾಕಿ, ಜಡೆಯ ಕುಚ್ಚನ್ನು ಹಿಂದಕ್ಕೆ ಬಿಡಿ, ಪಕ್ಕದಲ್ಲಿ ದೊಡ್ಡವರೊಬ್ಬರು ನಡೆಯಲಿ. ಆಗಬಾರದ್ದು ಆದರೆ ಬೆಂಕಿ ನಂದಿಸಿದ ಕೂಡಲೇ ಸುಟ್ಟ ಜಾಗದ ಮೇಲೆ ತಣ್ಣೀರನ್ನು ಇಪ್ಪತ್ತು ನಿಮಿಷ ಹೊಯ್ಯುತ್ತಲೇ ಇರಿ. ಅಂಟಿದ ಬಟ್ಟೆಯನ್ನು ಕೀಳಬೇಡಿ, ಪೇಸ್ಟು, ಇಂಕು ಹಚ್ಚಬೇಡಿ, ಆಸ್ಪತ್ರೆಗೆ ಹೊರಡಿ.

• ಹೋಗುವ ಜಾಗ ನೋಡಿ ಉದ್ದ ತೀರ್ಮಾನಿಸಿ. ಛತ್ರದಲ್ಲಿ ಕೂರುವ ದಿನ ಲಂಗದ ಅಂಚು ಕಾಲಿನ ಗಿಣ್ಣು ಮುಟ್ಟಬಹುದು. ವೈರಮುಡಿಯ ಜನಸಂದಣಿಗೆ, ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೆಟ್ಟಿಲಿಗೆ ಗಿಣ್ಣಿನಿಂದ ಎರಡು ಇಂಚು ಮೇಲಿರಬೇಕು. ಒಂದು ದಿನದ ಮಟ್ಟಿಗೆ ಸೊಂಟದಲ್ಲಿ ಕಚ್ಚಾ ಹೊಲಿಗೆ ಹಾಕಿ ಏರಿಸಿ, ಮನೆಗೆ ಬಂದು ಎಳೆದು ತೆಗೆಯಿರಿ.

• ಬಚ್ಚಲಿಗೆ ಹೋಗಬೇಕಾದಾಗ ಮಗು ತಾನೇ ಬಿಚ್ಚಿ ಹಾಕಿಕೊಳ್ಳುವಂತಿರಲಿ. ನಾಲ್ಕು ಪಿನ್ನು, ಹಿಂದೆ ಹತ್ತು ಹುಕ್ಕು, ಒಳಗೊಂದು ಲಾಡಿ ಅಂದರೆ ಮಗು ಅಮ್ಮನನ್ನು ಹುಡುಕುತ್ತಾ ತಡೆದುಕೊಂಡೇ ಇರುತ್ತದೆ. ಹಾಕಿದ ಪಿನ್ನು, ಸೂಜಿಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಮನೆಯಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿವೆ.

• ಶಾಲೆಯ ಸಮವಸ್ತ್ರವೂ ಮಗುವಿಗೆ ಹಬ್ಬದ ಬಟ್ಟೆಯೇ, ಆಗಸ್ಟ್ 15ಕ್ಕೆ ಧ್ವಜದ ಮುಂದೆ ನಿಲ್ಲುವುದು ಅದರಲ್ಲೇ ತಾನೇ? ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಸಿಗುತ್ತದೆ. ಬಟ್ಟೆಯಾಗಿ ಕೈಗೆ ಬಂದಾಗ ಹೊಲಿಯುವವರಿಗೆ ‘ಪಕ್ಕಕ್ಕೆ ಬಟ್ಟೆ ಬಿಡಿ, ಕೆಳಗೆ ಮೂರು ಇಂಚು ಮಡಿಸಿ’ ಎಂದು ಬಾಯಿಬಿಟ್ಟು ಹೇಳಿ. ಮಡಿಕೆ ಇಳಿಸಿದಾಗ ಹಳೆಯ ಗೆರೆ ಮಾಸಿ ಕಾಣುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ ನೋಡಿ. ಹೋಗದಿದ್ದರೆ ಆ ಗೆರೆಯ ಮೇಲೇ ಅದೇ ಬಣ್ಣದ ದಾರದಲ್ಲಿ ಎರಡು ಸಾಲು ಹೊಲಿಗೆ ಓಡಿಸಿ. ಲಂಗಕ್ಕಾದರೆ ಒಂದು ಲೇಸು.

• ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮನ ವೇಷಕ್ಕೆಂದು ಬಾಡಿಗೆಗೆ ತಂದ ಬಟ್ಟೆಯ ಮೇಲೆ ಮೆಷೀನು ಓಡಿಸಬೇಡಿ. ಉದ್ದುದ್ದ ಟಾಕಿ, ಎದ್ದು ಕಾಣುವ ಬಣ್ಣದ ದಾರ, ವಾಪಸು ಕೊಡುವ ಮೊದಲು ಎಳೆದು ತೆಗೆಯಲು ಸುಲಭ.

• ಅಕ್ಕನ ಲಂಗ ತಂಗಿಗೆ ಬರುವುದು ಪ್ರತಿ ಮನೆಯಲ್ಲೂ ಇದ್ದದ್ದೇ. ಆದರೆ ಅಳತೆ ಮಾತ್ರ ಬದಲಿಸಿ ಕೊಟ್ಟರೆ ಅದು ಅಕ್ಕನ ಲಂಗವಾಗಿಯೇ ಉಳಿಯುತ್ತದೆ. ಒಂದು ಹೊಸ ಬ್ಲೌಸು, ಆಗದಿದ್ದರೆ ಬೇರೆ ಗುಂಡಿ, ತೋಳಿಗೆ ಬೇರೆ ಪಟ್ಟಿ ಹಾಕಿ. ಯಾವುದು ಬೇಕೆಂದು ಅವಳನ್ನೇ ಆರಿಸಲು ಬಿಡಿ. ಕೊಟ್ಟ ಮೇಲೆ ‘ಇದು ನಿನ್ನಕ್ಕನಿಗೆ ಎಷ್ಟು ಚೆಂದ ಒಪ್ಪಿತ್ತು’ ಎಂದು ಯಾರೂ ಅನ್ನಬೇಡಿ.

• ಟೇಪು ಹಿಡಿದಾಗ ಬಾಯಿ ಬಿಗಿ ಇರಲಿ. ‘ಎಷ್ಟು ದಪ್ಪ ಆಗಿದೀಯ’, ‘ಕಡ್ಡಿ ಥರ ಇದೀಯಲ್ಲ ಮಗ, ಬಟ್ಟೆ ನಿಲ್ಲೋದಾದ್ರೂ ಎಲ್ಲಿ’, ಇಂಥ ಮಾತುಗಳನ್ನು ಮಕ್ಕಳು ದೊಡ್ಡವರಾದರೂ ಮರೆಯುವುದಿಲ್ಲ. ಸರಿಹೊಂದದೆ ಇರುವುದು ಬಟ್ಟೆ, ಮಗುವಿನ ಮೈ ಅಲ್ಲ. ಎಂಟು ಒಂಬತ್ತು ವರ್ಷ ದಾಟಿದ ಹೆಣ್ಣುಮಗುವಿನ ಅಳತೆಯನ್ನು ಅಂಗಡಿಯ ಬಾಗಿಲಲ್ಲಿ, ನಾಲ್ಕು ಜನರೆದುರು ತೆಗೆಸಬೇಡಿ. ಮನೆಯಲ್ಲಿ ನೀವೇ ತೆಗೆದು ಬರೆದುಕೊಡಿ, ಇಲ್ಲವೇ ಸರಿಯಾದ ಹಳೆಯ ಬ್ಲೌಸನ್ನು ಅಳತೆಗೆ ಕೊಡಿ. ಗಂಡುಮಕ್ಕಳಿಗೂ ನಾಚಿಕೆ ಇರುತ್ತದೆ, ಮುಟ್ಟುವ ಮೊದಲು ಒಂದು ಮಾತು ಕೇಳಿ.

• ಆಲ್ಟರ್ ಮಾಡುವವರ ಕೂಲಿಯಲ್ಲಿ ಚೌಕಾಸಿ ಬೇಡ. ಹೊಸದಾದರೆ ಬಟ್ಟೆ ಕತ್ತರಿಸಿ ಹೊಲಿದರೆ ಮುಗಿಯಿತು. ಹಳೆಯದಾದರೆ ಬೇರೆಯವರ ಹೊಲಿಗೆಯನ್ನು ಎಳೆ ಕೀಳದ ಹಾಗೆ ಬಿಚ್ಚಬೇಕು, ಆಮೇಲೆ ಹೊಲಿಯಬೇಕು. ‘ಎರಡು ಹೊಲಿಗೆ ತಾನೇ’ ಅನ್ನಿಸಿಕೊಂಡು ಬೇಸತ್ತು ಈ ಕೆಲಸವನ್ನೇ ತೆಗೆದುಕೊಳ್ಳದವರು ಹೆಚ್ಚಾಗುತ್ತಿದ್ದಾರೆ. ಮನೆಯಲ್ಲೇ ಹೊಲಿಯುವ ಹೆಣ್ಣುಮಕ್ಕಳಿಗೆ ಒಂದು ಮಾತು: 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗೂ ಸೇರಿದೆ. ತರಬೇತಿ ಇದೆ, ಸಲಕರಣೆಗೆ 15,000 ರೂಪಾಯಿ ತನಕ ನೆರವಿದೆ. ಪಂಚಾಯಿತಿಯಲ್ಲಿ ವಿಚಾರಿಸಿ.

• ಹಬ್ಬ ಮುಗಿದ ರಾತ್ರಿಯೇ ಬಟ್ಟೆಯನ್ನು ಮಡಿಸಿ ಬೀರುವಿಗೆ ತುರುಕಬೇಡಿ. ಬೆವರು ಆರುವ ತನಕ ನೆರಳಲ್ಲಿ ಹರಡಿ, ಪಾಯಸದ ಕಲೆ ಇದ್ದರೆ ಅವತ್ತೇ ನೋಡಿ, ಕಚ್ಚಾ ಹೊಲಿಗೆ ಬಿಚ್ಚಿ. ಜರಿಯಿದ್ದ ಬಟ್ಟೆಯನ್ನು ಹಳೇ ಹತ್ತಿಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಜರಿಗೆ ತಾಗದಿರಲಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದು ಚೀಟಿಯಲ್ಲಿ ಮಗುವಿನ ಹೆಸರು, ತಾರೀಕು, ಅವತ್ತಿನ ಎದೆ, ಸೊಂಟ, ಉದ್ದದ ಅಳತೆ, ಲಂಗದಲ್ಲಿ ಇನ್ನೆಷ್ಟು ಇಂಚು ಮಡಿಕೆ ಉಳಿದಿದೆ ಎಂಬುದನ್ನು ಬರೆಯಿರಿ. ಅದೇ ಬಣ್ಣದ ಉಳಿದ ದಾರ, ಎರಡು ಗುಂಡಿ, ಬಟ್ಟೆಯ ಚೂರು, ಆ ಚೀಟಿ ಎಲ್ಲವನ್ನೂ ಒಂದು ಸಣ್ಣ ಕವರಿಗೆ ಹಾಕಿ ಬಟ್ಟೆಯ ಜೊತೆಗೇ ಇಡಿ. ಮುಂದಿನ ವರ್ಷ ಹೊಲಿಯುವವರು ನೀವಲ್ಲದೆ ಬೇರೆಯವರಾದರೂ ಎಲ್ಲಿ ಬಿಚ್ಚಬೇಕು, ಎಷ್ಟು ಬಿಚ್ಚಬೇಕು ಅಂತ ಅವರಿಗೆ ತಿಳಿಯುತ್ತದೆ.